ಚಿತ್ರಗಳನ್ನು ಒಳಗೆಳೆದು ಪಿಡಿಎಫ್ ಹೊರಗೆಳೆಯುವ ಕಿಟಕಿ: ಪೈಸೈಡ್ 6ರಲ್ಲಿ ಡ್ರ್ಯಾಗ್ ಅಂಡ್ ಡ್ರಾಪ್

ಕಟ್ಟಬೇಕಾದ ಸಾಧನ ಚಿಕ್ಕದು. ಫೈಲ್ ಮ್ಯಾನೇಜರ್‌ನಿಂದ ಚಿತ್ರಗಳನ್ನು ಎಳೆದು ತಂದು ಕಿಟಕಿಯ ಮೇಲೆ ಬಿಟ್ಟರೆ ಅವು ಪಟ್ಟಿಗೆ ಸೇರಬೇಕು. ಪಟ್ಟಿಯೊಳಗೇ ಎಳೆದಾಡಿ ಪುಟಗಳ ಕ್ರಮ ಬದಲಿಸಲು ಬರಬೇಕು. ಕೊನೆಗೆ, ಕೆಳಗಿರುವ ಹಿಡಿಯನ್ನು ಎಳೆದು ಡೆಸ್ಕ್‌ಟಾಪ್ ಮೇಲೋ ಮೇಲ್ ಬರೆಯುವ ಕಿಟಕಿಯ ಮೇಲೋ ಬಿಟ್ಟರೆ ಎಲ್ಲ ಪುಟಗಳೂ ಒಂದೇ ಪಿಡಿಎಫ್ ಆಗಿ ಅಲ್ಲಿ ಬೀಳಬೇಕು. ಹೊರಗಿನಿಂದ ಒಳಗೆ, ಒಳಗಿಂದ ಒಳಗೆ, ಒಳಗಿಂದ ಹೊರಗೆ ಎಂಬ ಮೂರೂ ದಿಕ್ಕಿನ ಡ್ರ್ಯಾಗ್ ಇದರಲ್ಲಿ ಇದೆ. ಮೂರರ ತೊಂದರೆಗಳೂ ಬೇರೆ ಬೇರೆ.

ಬೇಕಾದ ಸಾಮಗ್ರಿ: ಪೈಥಾನ್ 3, ಪೈಸೈಡ್ 6 (ಕಿಟಕಿ, ಬಟನ್ ಕಟ್ಟುವ ಕ್ಯೂಟಿ ಎಂಬ ಕೋಡ್ ಸಂಗ್ರಹವನ್ನು ಪೈಥಾನ್‌ನಿಂದ ಬಳಸಲು ಕೊಡುವ ಪ್ಯಾಕೇಜ್), ಒಂದು ಪಠ್ಯ ಸಂಪಾದಕ. ಕ್ಯೂಟಿಯ ಸಿ++ ರೂಪದಲ್ಲಿ ಬರೆಯುವವರಿಗೂ, ಪೈಥಾನ್‌ಗೇ ಸೇರಿದ ಕೆಲವು ಮಾತು ಬಿಟ್ಟರೆ, ಕೆಳಗಿನದು ಹಾಗೆಯೇ ಹೊಂದುತ್ತದೆ. ಫಂಕ್ಷನ್‌ಗಳ ಹೆಸರು ಒಂದೇ.

ಕೋಡ್ ಮುಟ್ಟುವ ಮೊದಲು ಒಂದು ಮಾತು ಮನಸ್ಸಿನಲ್ಲಿ ಕೂರಬೇಕು. ಬಟನ್ ಕ್ಲಿಕ್ ನಮ್ಮ ಪ್ರೋಗ್ರಾಂನ ಒಳಗಿನ ವ್ಯವಹಾರ. ಡ್ರಾಪ್ ಎನ್ನುವುದು ಎರಡು ಪ್ರೋಗ್ರಾಂಗಳ ನಡುವಿನ ಕೊಡು-ಕೊಳ್ಳುವಿಕೆ. ಕೊಡುವವನು ಯಾವ ಯಾವ ರೂಪದಲ್ಲಿ ಸರಕು ಇದೆ, ನಕಲು ಕೊಡುತ್ತೇನೋ ವರ್ಗಾಯಿಸುತ್ತೇನೋ ಎಂದು ಹೇಳುತ್ತಾನೆ. ಕೊಳ್ಳುವವನು ಒಪ್ಪಿದೆ ಅಥವಾ ಒಲ್ಲೆ ಎನ್ನುತ್ತಾನೆ, ಕೊನೆಗೆ ತಾನು ನಿಜವಾಗಿ ಏನು ಮಾಡಿದೆ ಎಂದು ವರದಿ ಕೊಡುತ್ತಾನೆ. ಆ ವರದಿ ತಪ್ಪಾದರೆ ಬಳಕೆದಾರರ ಮೂಲ ಫೈಲ್‌ಗಳೇ ಹೋಗಬಹುದು. ವರದಿ ತಡವಾದರೆ ಎದುರಿನ ಪ್ರೋಗ್ರಾಂ ಕಲ್ಲಿನಂತೆ ನಿಂತುಬಿಡುತ್ತದೆ. ಮುಂದಿನ ಹೆಚ್ಚಿನ ಎಚ್ಚರಿಕೆಗಳು ಈ ಎರಡರಿಂದಲೇ ಹುಟ್ಟಿದವು.

ಮೊದಲು ಒಂದು ಇಣುಕು ಕಿಟಕಿ

ನಿಜವಾದ ಕೆಲಸಕ್ಕೆ ಮುಂಚೆ ಇಪ್ಪತ್ತು-ಮೂವತ್ತು ಸಾಲಿನ ಒಂದು ಪರೀಕ್ಷಾ ಕಿಟಕಿ ಬರೆದುಕೊಳ್ಳಿ. ಒಂದು ಖಾಲಿ ಕ್ಯೂವಿಜೆಟ್ (ಕಿಟಕಿಯನ್ನೋ ಅದರ ಒಂದು ಭಾಗವನ್ನೋ ವಿಜೆಟ್ ಎನ್ನುತ್ತಾರೆ), ಅದರ ಮೇಲೆ ಸೆಟ್‌ಆಕ್ಸೆಪ್ಟ್‌ಡ್ರಾಪ್ಸ್ ಟ್ರೂ. ಡ್ರ್ಯಾಗ್‌ಎಂಟರ್‌ಇವೆಂಟ್ ಒಳಗೆ ನಾಲ್ಕು ಸಂಗತಿ ಮುದ್ರಿಸಿ: ಮೈಮ್‌ಡೇಟಾದ (ಎಳೆದ ಸರಕಿನ ಪೊಟ್ಟಣ) ಫಾರ್ಮ್ಯಾಟ್ಸ್ ಪಟ್ಟಿ, ಪಾಸಿಬಲ್‌ಆಕ್ಷನ್ಸ್ (ಕೊಡುವವನು ಅನುಮತಿಸುವ ಕ್ರಿಯೆಗಳು), ಪ್ರೊಪೋಸ್ಡ್‌ಆಕ್ಷನ್ (ಸೂಚಿಸಿದ ಕ್ರಿಯೆ), ಸೋರ್ಸ್ (ಎಳೆತ ನಮ್ಮ ಪ್ರೋಗ್ರಾಂನದೇ ಆದರೆ ಅದು ಶುರುವಾದ ವಿಜೆಟ್). ಆಮೇಲೆ ಆಕ್ಸೆಪ್ಟ್‌ಪ್ರೊಪೋಸ್ಡ್‌ಆಕ್ಷನ್ ಕರೆಯಿರಿ. ಡ್ರಾಪ್‌ಇವೆಂಟ್ ಒಳಗೂ ಇದನ್ನೇ ಮುದ್ರಿಸಿ, ಆದರೆ ಕೊನೆಯಲ್ಲಿ ಸೆಟ್‌ಡ್ರಾಪ್‌ಆಕ್ಷನ್‌ಗೆ ಕಾಪಿಆಕ್ಷನ್ ಕೊಟ್ಟು ಆಕ್ಸೆಪ್ಟ್ ಎನ್ನಿ. ಕಾರಣ ಮುಂದೆ ಬರುತ್ತದೆ.

ಈ ಕಿಟಕಿಯ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ನೋಡಿ: ಫೈಲ್, ಫೋಲ್ಡರ್, ಬ್ರೌಸರ್‌ನ ಚಿತ್ರ, ಬ್ರೌಸರ್‌ನ ಕೊಂಡಿ, ಆಯ್ದ ಪಠ್ಯ, ಮೇಲ್‌ನ ಅಟ್ಯಾಚ್‌ಮೆಂಟ್. ಫೈಲ್ ಮ್ಯಾನೇಜರ್ ಟೆಕ್ಸ್ಟ್/ಯುಆರ್‌ಐ-ಲಿಸ್ಟ್, ಅಂದರೆ ಫೈಲ್‌ಗಳ ವಿಳಾಸಗಳ ಪಟ್ಟಿ ಕೊಡುತ್ತದೆ. ವಿಂಡೋಸ್‌ನಲ್ಲಿ ಮೂಲ ರೂಪ ಸಿಎಫ್_ಎಚ್‌ಡ್ರಾಪ್, ಅದನ್ನು ಕ್ಯೂಟಿ ತಾನೇ ಯುಆರ್‌ಐ ಪಟ್ಟಿಯಾಗಿ ಬದಲಿಸಿಕೊಡುತ್ತದೆ. ಬ್ರೌಸರ್‌ನ ಚಿತ್ರದಲ್ಲಿ ಎಚ್‌ಟಿಟಿಪಿ ವಿಳಾಸ ಇರಬಹುದು, ಕೆಲವೊಮ್ಮೆ ಚಿತ್ರದ ದತ್ತಾಂಶವೇ ಇರಬಹುದು. ಮೇಲ್‌ನ ಅಟ್ಯಾಚ್‌ಮೆಂಟ್ ಎಷ್ಟೋ ಸಲ ಯುಆರ್‌ಎಲ್ ಇಲ್ಲದೆಯೇ ಬರುತ್ತದೆ. ಈ ಪಟ್ಟಿ ಎದುರಿಗಿದ್ದರೆ ಊಹೆಯ ಮೇಲೆ ಕೋಡ್ ಬರೆಯುವ ಪ್ರಮೇಯ ಬರುವುದಿಲ್ಲ. ಕೊನೆಯವರೆಗೂ ಈ ಕಿಟಕಿಯನ್ನು ಅಳಿಸಬೇಡಿ.

ಒಳಗೆ ಬರುವ ಫೈಲ್‌ಗಳು

ಘಟನೆಗಳ ಕ್ರಮ ಹೀಗೆ: ಎಂಟರ್ (ಸರಕು ವಿಜೆಟ್ ಮೇಲೆ ಬಂದಾಗ), ಮೂವ್ (ಅಲ್ಲಿ ಕದಲಿದಾಗ), ಆಮೇಲೆ ಲೀವ್ (ಬಿಡದೆ ಹೊರಹೋದಾಗ) ಅಥವಾ ಡ್ರಾಪ್. ಎಂಟರ್‌ನಲ್ಲಿ ಒಪ್ಪದಿದ್ದರೆ ಮೂವ್ ಮತ್ತು ಡ್ರಾಪ್ ಆ ವಿಜೆಟ್‌ಗೆ ಬರುವುದೇ ಇಲ್ಲ. "ಡ್ರಾಪ್‌ಇವೆಂಟ್ ಬರೆದಿದ್ದೇನೆ, ಓಡುತ್ತಿಲ್ಲ" ಎಂಬ ದೂರಿಗೆ ಮೊದಲ ಕಾರಣ ಇದೇ. ಎರಡನೆಯ ಕಾರಣ ಸೆಟ್‌ಆಕ್ಸೆಪ್ಟ್‌ಡ್ರಾಪ್ಸ್ ಮರೆತಿರುವುದು. ಮೂರನೆಯದು ಹುಡುಕಲು ಕಷ್ಟ: ಪಟ್ಟಿ, ಪಠ್ಯಪೆಟ್ಟಿಗೆ ಮುಂತಾದ ಸ್ಕ್ರಾಲ್ ಆಗುವ ವಿಜೆಟ್‌ಗಳಲ್ಲಿ ಘಟನೆಗಳು ಮೊದಲು ಬೀಳುವುದು ವ್ಯೂಪೋರ್ಟ್ ಎಂಬ ಒಳಗಿನ ವಿಜೆಟ್ ಮೇಲೆ. ಇವೆಂಟ್ ಫಿಲ್ಟರ್ (ಘಟನೆಗಳನ್ನು ಮೊದಲೇ ತಡೆದು ನೋಡುವ ಕೋಡ್) ಹಾಕುವುದಾದರೆ ವ್ಯೂಪೋರ್ಟ್‌ಗೆ ಹಾಕಬೇಕು. ಸಬ್‌ಕ್ಲಾಸ್ ಮಾಡಿ ಡ್ರಾಪ್‌ಇವೆಂಟ್ ಬರೆದರೆ ಈ ತೊಡಕಿಲ್ಲ, ಕ್ಯೂಟಿ ಅಲ್ಲಿಗೇ ತಲುಪಿಸುತ್ತದೆ.

ಕಿಟಕಿಯ ಎಲ್ಲಿ ಬಿಟ್ಟರೂ ಫೈಲ್ ಸೇರಲಿ ಎಂದು ಮುಖ್ಯ ಕಿಟಕಿಗೂ ಡ್ರಾಪ್ ಹಚ್ಚುವುದು ಒಳ್ಳೆಯದು. ಆಗ ಒಂದು ಬಿಲ ಉಳಿಯುತ್ತದೆ. ಕರ್ಸರ್‌ನ ಕೆಳಗಿರುವ ಮರಿ ವಿಜೆಟ್ ಡ್ರಾಪ್ ಒಪ್ಪದಿದ್ದರೆ ಕ್ಯೂಟಿ ಅದರ ತಾಯಿ ವಿಜೆಟ್‌ಗೆ ಹೋಗುತ್ತದೆ, ಅದು ಸರಿ. ಆದರೆ ಕ್ಯೂಲೈನ್‌ಎಡಿಟ್, ಕ್ಯೂಟೆಕ್ಸ್ಟ್‌ಎಡಿಟ್ ಹುಟ್ಟಿನಿಂದಲೇ ಡ್ರಾಪ್ ಒಪ್ಪುತ್ತವೆ. ಶೀರ್ಷಿಕೆ ಬರೆಯುವ ಚೌಕದ ಮೇಲೆ ಚಿತ್ರ ಬಿದ್ದರೆ ಅದರೊಳಗೆ ಫೈಲ್‌ನ ಉದ್ದನೆಯ ಯುಆರ್‌ಎಲ್ ಅಕ್ಷರಗಳಾಗಿ ಅಂಟಿಕೊಳ್ಳುತ್ತದೆ. ಅಂಥ ಮರಿಗಳಿಗೆಲ್ಲ ಸೆಟ್‌ಆಕ್ಸೆಪ್ಟ್‌ಡ್ರಾಪ್ಸ್ ಫಾಲ್ಸ್ ಕೊಡಿ.

ಎಂಟರ್ ಮತ್ತು ಮೂವ್ ಒಳಗೆ ಡಿಸ್ಕ್ ಮುಟ್ಟಬೇಡಿ. ಮೌಸ್ ಕದಲಿದಾಗಲೆಲ್ಲ ಮೂವ್ ಬರುತ್ತದೆ. ಫೈಲ್ ಇದೆಯೇ, ಫೋಲ್ಡರೇ, ಚಿತ್ರವೇ ಎಂದು ಅಲ್ಲಿಯೇ ತೆರೆದು ನೋಡುತ್ತ ಕೂತರೆ, ನೆಟ್‌ವರ್ಕ್ ಡ್ರೈವ್‌ನ ಫೈಲ್ ಎಳೆದ ದಿನ ಕರ್ಸರ್ ಜಗ್ಗುತ್ತದೆ. ಹ್ಯಾಸ್‌ಯುಆರ್‌ಎಲ್ಸ್ ನಿಜವೇ ಎಂದು ನೋಡಿ, ಬೇಕಿದ್ದರೆ ಮೊದಲ ಕೆಲವು ಹೆಸರುಗಳ ವಿಸ್ತರಣೆ ಮಾತ್ರ ನೋಡಿ, ಅಷ್ಟು ಸಾಕು. ಕಟ್ಟುನಿಟ್ಟಿನ ತಪಾಸಣೆ ಬಿಟ್ಟ ಮೇಲೆ.

ಹೈಲೈಟ್ ವಿಷಯ ಚಿಕ್ಕದು, ಆದರೂ ಎಲ್ಲೆಡೆ ತಪ್ಪಿರುವುದು ಕಾಣುತ್ತದೆ. ಎಂಟರ್‌ನಲ್ಲಿ ಅಂಚಿಗೆ ಬಣ್ಣ ಬಳಿದು ಲೀವ್‌ನಲ್ಲಿ ಅಳಿಸಿದರೆ ಅರ್ಧ ಕೆಲಸ. ಡ್ರಾಪ್ ಆದಾಗ ಲೀವ್ ಬರುವುದಿಲ್ಲ. ಅಳಿಸುವ ಸಾಲು ಎರಡೂ ಕಡೆ ಇರಬೇಕು, ಡ್ರಾಪ್‌ಇವೆಂಟ್‌ನಲ್ಲಿ ಅದು ಮೊದಲ ಸಾಲಾಗಿರಬೇಕು. ಮುಂದಿನ ಸಾಲುಗಳಲ್ಲಿ ದೋಷ ಎದ್ದರೂ ಬಣ್ಣ ಉಳಿಯಬಾರದು.

ಯುಆರ್‌ಎಲ್‌ನಿಂದ ಪಾತ್

ಮೈಮ್‌ಡೇಟಾದ ಯುಆರ್‌ಎಲ್ಸ್ ಪಟ್ಟಿಯ ಪ್ರತಿಯೊಂದಕ್ಕೂ ಮೊದಲು ಈಸ್‌ಲೋಕಲ್‌ಫೈಲ್ ಕೇಳಿ, ಆಮೇಲೆ ಪಾತ್ (ಡಿಸ್ಕ್‌ನಲ್ಲಿ ಫೈಲ್ ಇರುವ ಜಾಗ) ಪಡೆಯಲು ಟುಲೋಕಲ್‌ಫೈಲ್ ಕರೆಯಿರಿ. ಮೊದಲ ಪ್ರಶ್ನೆ ಬಿಟ್ಟರೆ ಆಗುವ ಅನಾಹುತ ವಿಚಿತ್ರವಾದದ್ದು. ಎಚ್‌ಟಿಟಿಪಿ ವಿಳಾಸಕ್ಕೆ ಟುಲೋಕಲ್‌ಫೈಲ್ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಪೈಥಾನ್‌ನ ಪಾಥ್‌ಲಿಬ್‌ನಲ್ಲಿ ಖಾಲಿ ಸ್ಟ್ರಿಂಗ್‌ನ ಪಾತ್ ಎಂದರೆ ಪ್ರೋಗ್ರಾಂ ಓಡುತ್ತಿರುವ ಫೋಲ್ಡರ್. ಫೋಲ್ಡರ್‌ನೊಳಗಿನ ಚಿತ್ರಗಳನ್ನು ಹುಡುಕುವ ಕೋಡ್ ನಮ್ಮಲ್ಲಿ ಇರುವುದರಿಂದ, ಬ್ರೌಸರ್‌ನಿಂದ ಒಂದು ಚಿತ್ರ ಎಳೆದರೆ ಸಂಬಂಧವೇ ಇಲ್ಲದ ನೂರಾರು ಚಿತ್ರಗಳು ಪಟ್ಟಿಗೆ ನುಗ್ಗುತ್ತವೆ.

ಯುಆರ್‌ಐ ಪಟ್ಟಿಯ ಕಚ್ಚಾ ಬೈಟ್‌ಗಳನ್ನು ಸ್ವತಃ ಒಡೆಯಲು ಹೋಗಬೇಡಿ. ಈ ರೂಪವನ್ನು ವಿವರಿಸುವ ಆರ್‌ಎಫ್‌ಸಿ 2483 ಎಂಬ ದಾಖಲೆಯ ಪ್ರಕಾರ ಸಾಲುಗಳ ಕೊನೆಗೆ ಸಿಆರ್-ಎಲ್‌ಎಫ್ ಇರುತ್ತದೆ, # ಚಿಹ್ನೆಯಿಂದ ಶುರುವಾಗುವ ಸಾಲು ಟಿಪ್ಪಣಿ. ಹೆಸರಿನಲ್ಲಿ ಜಾಗ ಇದ್ದರೆ ಅದು %20 ಆಗಿರುತ್ತದೆ. ಕನ್ನಡದ ಹೆಸರಾದರೆ ಯುಟಿಎಫ್-8ರಲ್ಲಿ ಪ್ರತಿ ಕೋಡ್‌ಪಾಯಿಂಟ್‌ಗೂ (ಅಕ್ಷರಕ್ಕೋ ಚಿಹ್ನೆಗೋ ಯುನಿಕೋಡ್ ಕೊಟ್ಟ ಸಂಖ್ಯೆ) ಮೂರು ಬೈಟ್, ಒಂದೊಂದು ಬೈಟ್‌ಗೂ ಒಂದು ಶೇಕಡಾ ಗುರುತು. ಇದನ್ನೆಲ್ಲ ಕ್ಯೂಯುಆರ್‌ಎಲ್ ಸರಿಯಾಗಿ ಬಿಡಿಸುತ್ತದೆ. ಉಲ್ಟಾ ದಿಕ್ಕಿನಲ್ಲೂ ಹಾಗೆಯೇ: ಪಾತ್‌ಗೆ ಮುಂದೆ ಫೈಲ್ ಸ್ಕೀಮ್ ಅಂಟಿಸಿ ಯುಆರ್‌ಎಲ್ ಮಾಡಿದರೆ, ಹೆಸರಿನಲ್ಲಿ # ಇದ್ದ ಫೈಲ್ ಅಲ್ಲಿಗೇ ತುಂಡಾಗುತ್ತದೆ. ಕ್ಯೂಯುಆರ್‌ಎಲ್‌ನ ಫ್ರಮ್‌ಲೋಕಲ್‌ಫೈಲ್ ಇರುವುದೇ ಇದಕ್ಕಾಗಿ.

ಈಗಾಗಲೇ ಪಟ್ಟಿಯಲ್ಲಿರುವ ಫೈಲ್ ಮತ್ತೆ ಬಂದರೆ ಗುರುತಿಸಬೇಕೆಂದಿದ್ದರೆ ಕನ್ನಡದ ಹೆಸರುಗಳಲ್ಲಿ ಒಂದು ಸೂಕ್ಷ್ಮವಿದೆ. ಯುನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. ಈಕಾರ, ಏಕಾರ, ಐಕಾರ, ಒಕಾರಗಳು ಎರಡೆರಡಾಗಿ ಬಿಡುತ್ತವೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್+ ಡಿಸ್ಕ್ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಕಣ್ಣಿಗೆ ಎರಡೂ "ಗೋಡೆ" ಎಂದೇ ಕಂಡರೂ ಸ್ಟ್ರಿಂಗ್ ಹೋಲಿಕೆಯಲ್ಲಿ ಬೇರೆ. ಹೋಲಿಸುವಾಗ ಎರಡನ್ನೂ ಯುನಿಕೋಡ್‌ಡೇಟಾದ ನಾರ್ಮಲೈಜ್‌ನಿಂದ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತನ್ನಿ. ಆದರೆ ಫೈಲ್ ತೆರೆಯಲು ಬಂದ ಪಾತ್ ಅನ್ನು ಬಂದ ಹಾಗೆಯೇ ಬಳಸಿ.

ಬಂದ ಕ್ರಮವನ್ನೂ ನಂಬಬೇಡಿ. ವಿಂಡೋಸ್‌ನ ಎಕ್ಸ್‌ಪ್ಲೋರರ್‌ನಲ್ಲಿ ಹತ್ತು ಫೈಲ್ ಆಯ್ದು ಎಳೆದರೆ, ಮೌಸ್ ಹಿಡಿದ ಫೈಲ್ ಮೊದಲು ಬರುವುದುಂಟು, ಉಳಿದವು ಅದರ ಹಿಂದೆ. ಒಂದು ಡ್ರಾಪ್‌ನಲ್ಲಿ ಬಂದವನ್ನು ಹೆಸರಿನ ಮೇಲೆ ಜೋಡಿಸಿಯೇ ಸೇರಿಸಿ. ಜೋಡಿಸಲು ಕ್ಯೂಕೊಲೇಟರ್ ತೆಗೆದುಕೊಂಡು ಸೆಟ್‌ನ್ಯೂಮರಿಕ್‌ಮೋಡ್ ಟ್ರೂ ಮಾಡಿ. ಇಲ್ಲದಿದ್ದರೆ ಪುಟ 10 ಬಂದು ಪುಟ 2ರ ಮುಂದೆ ಕೂರುತ್ತದೆ. ಪುಟಗಳ ಸಾಧನಕ್ಕೆ ಇದಕ್ಕಿಂತ ಕೆಟ್ಟ ಹೆಸರು ಬೇಡ.

ಮೂಲ ಫೈಲ್ ಕಳೆಯುವ ಅಪಾಯ

ಇಡೀ ಕಟ್ಟಡದಲ್ಲಿ ಅತಿ ಗಂಭೀರವಾದ ಭಾಗ ಇದು. ಉದಾಹರಣೆಗಳಲ್ಲೆಲ್ಲ ಆಕ್ಸೆಪ್ಟ್‌ಪ್ರೊಪೋಸ್ಡ್‌ಆಕ್ಷನ್ ಎಂದೇ ಇರುತ್ತದೆ. ಅದರ ಅರ್ಥ: ನೀನು ಏನು ಸೂಚಿಸಿದ್ದೀಯೋ ಅದನ್ನೇ ಮಾಡಿದೆ. ಬಳಕೆದಾರರು ಶಿಫ್ಟ್ ಒತ್ತಿ ಎಳೆದಿದ್ದರೆ ಸೂಚನೆ ಮೂವ್, ಅಂದರೆ ವರ್ಗಾವಣೆ (ಮೂವ್ ಎಂಬ ಘಟನೆ ಬೇರೆ). ನಾವು "ಮೂವ್ ಮಾಡಿದೆ" ಎಂದು ವರದಿ ಕೊಟ್ಟರೆ, ಸರಕು ಸುರಕ್ಷಿತವಾಗಿ ಕೈ ಬದಲಾಯಿಸಿತು ಎಂದು ನಂಬಿ ಮೂಲವನ್ನು ಅಳಿಸುವ ಹಕ್ಕು ಕೊಟ್ಟವನಿಗಿದೆ. ನಾವು ಮಾಡಿದ್ದು ಪಾತ್ ಓದಿಕೊಂಡದ್ದು ಮಾತ್ರ.

ಆದ್ದರಿಂದ ಹೊರಗಿನ ಫೈಲ್ ಓದುವ ಯಾವ ಪ್ರೋಗ್ರಾಂನಲ್ಲೂ ಸೆಟ್‌ಡ್ರಾಪ್‌ಆಕ್ಷನ್‌ಗೆ ಕಾಪಿಆಕ್ಷನ್ ಕೊಟ್ಟು ಆಕ್ಸೆಪ್ಟ್ ಎನ್ನಬೇಕು. ಪಾಸಿಬಲ್‌ಆಕ್ಷನ್ಸ್‌ನಲ್ಲಿ ಕಾಪಿ ಇಲ್ಲದಿದ್ದರೆ ಇಗ್ನೋರ್. ಎಂಟರ್, ಮೂವ್, ಡ್ರಾಪ್ ಮೂರರಲ್ಲೂ ಇದನ್ನೇ ಮಾಡಿದರೆ ಕರ್ಸರ್ ಪಕ್ಕದಲ್ಲಿ ಕಾಪಿಯ ಗುರುತೇ ಕಾಣುತ್ತದೆ, ಎಳೆಯುವವರಿಗೂ ಧೈರ್ಯ.

ಪಟ್ಟಿ ತೋರಿಸುವ ಕ್ಯೂಲಿಸ್ಟ್‌ವ್ಯೂ ವಿಜೆಟ್ ಬಳಸುವಾಗ ಇನ್ನೊಂದು ಗಂಟು. ಅದರ ಮೂಲ ಡ್ರಾಪ್‌ಇವೆಂಟ್ ಯಶಸ್ಸಾದಾಗ ಒಳಗೇ ಆಕ್ಸೆಪ್ಟ್‌ಪ್ರೊಪೋಸ್ಡ್‌ಆಕ್ಷನ್ ಕರೆಯುತ್ತದೆ. ಅಂದರೆ ನೀವು ಮೊದಲೇ ಕಾಪಿ ಎಂದು ಹಾಕಿದ್ದರೂ ಅದು ಮತ್ತೆ ಮೂವ್ ಆಗಬಹುದು. ಹಾಗಾಗಿ ಸಬ್‌ಕ್ಲಾಸ್‌ನಲ್ಲಿ ಮೊದಲು ಸೂಪರ್‌ನ ಡ್ರಾಪ್‌ಇವೆಂಟ್ ಓಡಿಸಿ. ಅದು ಮುಗಿದ ಮೇಲೆ, ಇವೆಂಟ್‌ನ ಸೋರ್ಸ್ ಈ ವ್ಯೂ ಅಲ್ಲದಿದ್ದರೆ ಕಾಪಿ ಎಂದು ತಿದ್ದಿ. ಸಾಲುಗಳ ಕ್ರಮ ಅದಲು ಬದಲಾದರೆ ರಕ್ಷಣೆ ಇಲ್ಲ.

ಬಿಟ್ಟ ಕ್ಷಣದಲ್ಲಿ ಏನು ಮಾಡಬಾರದು

ವಿಂಡೋಸ್‌ನಲ್ಲಿ ಎಳೆಯುವ ಪ್ರೋಗ್ರಾಂ ಡುಡ್ರ್ಯಾಗ್‌ಡ್ರಾಪ್ ಎಂಬ ಓಎಲ್‌ಇ (ಪ್ರೋಗ್ರಾಂಗಳ ನಡುವೆ ಸರಕು ಸಾಗಿಸುವ ವಿಂಡೋಸ್ ವ್ಯವಸ್ಥೆ) ಫಂಕ್ಷನ್ ಕರೆದು ಕಾಯುತ್ತಿರುತ್ತದೆ. ನಮ್ಮ ಡ್ರಾಪ್‌ಇವೆಂಟ್ ಮರಳುವವರೆಗೂ ಅದಕ್ಕೆ ಬಿಡುಗಡೆ ಇಲ್ಲ. ಅಲ್ಲಿಯೇ ನಲವತ್ತು ಚಿತ್ರಗಳ ಥಂಬ್‌ನೇಲ್ ಮಾಡಿದರೆ ಎಕ್ಸ್‌ಪ್ಲೋರರ್‌ನ ಆ ಕಿಟಕಿ ಅಷ್ಟೂ ಹೊತ್ತು ಹೆಪ್ಪುಗಟ್ಟುತ್ತದೆ. "ಈ ಫೈಲ್ ಚಿತ್ರವಲ್ಲ" ಎಂದು ಮೆಸೇಜ್ ಬಾಕ್ಸ್ ತೆರೆದರೆ ಇನ್ನೂ ಕೆಟ್ಟದ್ದು, ಬಳಕೆದಾರರು ಸರಿ ಒತ್ತುವ ತನಕ ಫೈಲ್ ಮ್ಯಾನೇಜರ್ ಸತ್ತಂತೆ. ಬೈಗುಳ ಬೀಳುವುದು ಫೈಲ್ ಮ್ಯಾನೇಜರ್‌ಗೆ. ತಪ್ಪು ನಮ್ಮ ಕೋಡ್‌ನದು.

ಡ್ರಾಪ್ ಒಳಗೆ ಮಾಡುವುದು ಇಷ್ಟೇ: ಪಾತ್‌ಗಳನ್ನು ಸಾಮಾನ್ಯ ಪೈಥಾನ್ ಸ್ಟ್ರಿಂಗ್ ಪಟ್ಟಿಯಾಗಿ ನಕಲು ಮಾಡಿಕೊಳ್ಳಿ, ಬಿದ್ದ ಜಾಗದಲ್ಲಿ ಒಂದು "ಓದುತ್ತಿದೆ" ಸಾಲು ಸೇರಿಸಿ, ಅದಕ್ಕೆ ಕ್ಯೂಪರ್ಸಿಸ್ಟೆಂಟ್‌ಮಾಡೆಲ್‌ಇಂಡೆಕ್ಸ್ ಹಿಡಿದುಕೊಳ್ಳಿ, ಕ್ಯೂಟೈಮರ್‌ನ ಸಿಂಗಲ್‌ಶಾಟ್ 0 ಮಿಲಿಸೆಕೆಂಡ್‌ಗೆ ಮುಂದಿನ ಕೆಲಸ ಹಚ್ಚಿ ಮರಳಿ. ಫೋಲ್ಡರ್ ಅಗೆಯುವುದು, ಥಂಬ್‌ನೇಲ್ ಮಾಡುವುದು ಹಿನ್ನೆಲೆಯಲ್ಲಿ ಕೆಲಸ ಮಾಡುವ ಕ್ಯೂಥ್ರೆಡ್‌ಪೂಲ್‌ಗೆ. ಥ್ರೆಡ್‌ನಲ್ಲಿ ಕ್ಯೂಪಿಕ್ಸ್‌ಮ್ಯಾಪ್ ಬೇಡ, ಕ್ಯೂಇಮೇಜ್ ಬಳಸಿ, ಪಿಕ್ಸ್‌ಮ್ಯಾಪ್ ಆಗಿ ಬದಲಿಸುವುದು ಮುಖ್ಯ ಥ್ರೆಡ್‌ನಲ್ಲಿ. ಫಲಿತಾಂಶ ಬಂದಾಗ ಆ ಸಾಲು ಎಲ್ಲಿಗೆ ಸರಿದಿದ್ದರೂ ಪರ್ಸಿಸ್ಟೆಂಟ್ ಇಂಡೆಕ್ಸ್ ತೋರಿಸುತ್ತದೆ. ಈ ನಡುವೆ ಅಳಿಸಿದ್ದರೆ ಇಂಡೆಕ್ಸ್ ಅಮಾನ್ಯವಾಗಿರುತ್ತದೆ, ಆಗ ಫಲಿತಾಂಶ ಎಸೆಯಿರಿ.

ಮೈಮ್‌ಡೇಟಾ ವಸ್ತುವನ್ನೇ ಆಮೇಲೆ ಓದೋಣವೆಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಬೇಡಿ. ಅದು ಆ ಘಟನೆಗೆ ಸೇರಿದ್ದು. ಘಟನೆ ಮುಗಿದ ಮೇಲೆ ಪೈಥಾನ್‌ನ ಕೈಯಲ್ಲಿರುವುದು ಖಾಲಿ ಸಿಪ್ಪೆ; ಮುಟ್ಟಿದರೆ ದೋಷ ಅಥವಾ ನೇರ ಕ್ರ್ಯಾಶ್.

ಡ್ರಾಪ್‌ಇವೆಂಟ್‌ನ ಇಡೀ ದೇಹಕ್ಕೆ ಟ್ರೈ-ಎಕ್ಸೆಪ್ಟ್ ಹಾಕಿ ದೋಷವನ್ನು ಲಾಗ್ ಫೈಲ್‌ಗೆ ಬರೆಯಿರಿ. ಕನ್ಸೋಲ್ ಇಲ್ಲದ ಪ್ಯಾಕೇಜ್ ಮಾಡಿದಾಗ ಪೈಸೈಡ್ ಮುದ್ರಿಸುವ ದೋಷದ ಸಾಲುಗಳು ಯಾರಿಗೂ ಕಾಣುವುದಿಲ್ಲ, "ಬಿಟ್ಟರೆ ಏನೂ ಆಗುವುದಿಲ್ಲ" ಎಂಬ ದೂರು ಮಾತ್ರ ಬರುತ್ತದೆ. ಪೈಸೈಡ್‌ನಂಥದೇ ಇನ್ನೊಂದು ಪ್ಯಾಕೇಜ್ ಆದ ಪೈಕ್ಯೂಟಿಯಲ್ಲಾದರೆ 5.5ರಿಂದ ಈಚೆಗೆ ಹಿಡಿಯದ ದೋಷಕ್ಕೆ ಪ್ರೋಗ್ರಾಂ ಅಲ್ಲಿಯೇ ನಿಲ್ಲುತ್ತದೆ.

ಪಟ್ಟಿಯೊಳಗೆ ಕ್ರಮ ಬದಲಿಸುವುದು

ವ್ಯೂಗೆ ಸೆಟ್‌ಡ್ರ್ಯಾಗ್‌ಎನೇಬಲ್ಡ್, ಸೆಟ್‌ಆಕ್ಸೆಪ್ಟ್‌ಡ್ರಾಪ್ಸ್, ಸೆಟ್‌ಡ್ರಾಪ್‌ಇಂಡಿಕೇಟರ್‌ಶೋನ್ ಮೂರೂ ಟ್ರೂ. ಮೋಡ್ ಆರಿಸುವಾಗ ಇಂಟರ್ನಲ್‌ಮೂವ್ ಎಂಬ ಹೆಸರು ಕೈ ಬೀಸಿ ಕರೆಯುತ್ತದೆ, ಆದರೆ ಅದನ್ನು ಹಾಕಿದರೆ ಹೊರಗಿನ ಫೈಲ್‌ಗಳಿಗೆ ಬಾಗಿಲು ಮುಚ್ಚಿತು. ನಮಗೆ ಬೇಕಾದ್ದು ಡ್ರ್ಯಾಗ್‌ಡ್ರಾಪ್ ಮೋಡ್, ಜೊತೆಗೆ ಸೆಟ್‌ಡಿಫಾಲ್ಟ್‌ಡ್ರಾಪ್‌ಆಕ್ಷನ್‌ಗೆ ಮೂವ್‌ಆಕ್ಷನ್.

ಪಟ್ಟಿಯ ದತ್ತಾಂಶ ಇಟ್ಟುಕೊಂಡು ವ್ಯೂಗೆ ಕೊಡುವ ಮಾಡೆಲ್ ಅನ್ನು ಕ್ಯೂಆಬ್‌ಸ್ಟ್ರಾಕ್ಟ್‌ಲಿಸ್ಟ್‌ಮಾಡೆಲ್‌ನಿಂದ ಹುಟ್ಟಿಸಿ. ಫ್ಲ್ಯಾಗ್ಸ್ ಬರೆಯುವಾಗ ಜಾಗ್ರತೆ. ಸಾಲಿಗೆ ಡ್ರ್ಯಾಗ್ ಎನೇಬಲ್ಡ್ ಮಾತ್ರ. ಡ್ರಾಪ್ ಎನೇಬಲ್ಡ್ ಕೊಡಬೇಕಾದ್ದು ಅಮಾನ್ಯ ಇಂಡೆಕ್ಸ್‌ಗೆ, ಅಂದರೆ ಪಟ್ಟಿಯ ಬೇರಿಗೆ. ಸಾಲುಗಳಿಗೂ ಡ್ರಾಪ್ ಕೊಟ್ಟರೆ ಒಂದು ಪುಟವನ್ನು ಇನ್ನೊಂದರ "ಮೇಲೆ" ಬಿಡಲು ಅವಕಾಶವಾಗುತ್ತದೆ. ಸಿದ್ಧ ಮಾಡೆಲ್‌ಗಳಲ್ಲಿ ಕೆಳಗಿದ್ದ ಪುಟ ಅಳಿಸಿಹೋಗುವುದು ಹೀಗೆಯೇ. ಕೊಡದಿದ್ದರೆ ಕರ್ಸರ್ ಸಾಲಿನ ಯಾವ ಅರ್ಧದಲ್ಲಿದೆಯೋ ನೋಡಿ ವ್ಯೂ ಮೇಲಿನ ಅಥವಾ ಕೆಳಗಿನ ಸಂದನ್ನು ತಾನೇ ಆರಿಸುತ್ತದೆ.

ಸಪೋರ್ಟೆಡ್‌ಡ್ರಾಪ್‌ಆಕ್ಷನ್ಸ್ ಹುಟ್ಟಿನಿಂದ ಕಾಪಿ ಮಾತ್ರ ಹೇಳುತ್ತದೆ, ಕಾಪಿ ಮತ್ತು ಮೂವ್ ಎಂದು ಬದಲಿಸಿ. ಒಪ್ಪುವ ರೂಪಗಳನ್ನು ಹೇಳುವ ಮೈಮ್‌ಟೈಪ್ಸ್‌ನಲ್ಲಿ ಎರಡು ಹೆಸರು: ಯುಆರ್‌ಐ ಪಟ್ಟಿ, ಮತ್ತು ನಮ್ಮದೇ ಖಾಸಗಿ ರೂಪ. ಖಾಸಗಿ ರೂಪದಲ್ಲಿ ಎಳೆದ ಸಾಲುಗಳ ಕ್ರಮಸಂಖ್ಯೆ ಬರೆಯಿರಿ, ಜೊತೆಗೆ ಅಪ್ಲಿಕೇಶನ್‌ಪಿಐಡಿಯನ್ನೂ (ಓಡುತ್ತಿರುವ ಪ್ರತಿಯ ಗುರುತು ಸಂಖ್ಯೆ) ಬರೆಯಿರಿ. ಅದೇ ಪ್ರೋಗ್ರಾಂನ ಎರಡು ಪ್ರತಿ ತೆರೆದಿದ್ದರೆ ಎರಡಕ್ಕೂ ಆ ರೂಪ ಅರ್ಥವಾಗುತ್ತದೆ. ಪಿಐಡಿ ಹೊಂದದಿದ್ದರೆ ನಿರಾಕರಿಸಿ; ಇಲ್ಲದಿದ್ದರೆ ಒಂದರ 3ನೇ ಸಾಲನ್ನು ಎಳೆದಾಗ ಇನ್ನೊಂದರ 3ನೇ ಸಾಲು ಸರಿಯುತ್ತದೆ. ಯುಆರ್‌ಐ ಪಟ್ಟಿ ಒಳಗೆ ಬರುವ ಫೈಲ್‌ಗಳಿಗೆ ಮಾತ್ರ; ಪಟ್ಟಿಯಿಂದ ಎಳೆಯುವ ಈ ಪೊಟ್ಟಣದಲ್ಲಿ ಯುಆರ್‌ಎಲ್ ಹಾಕಲೇಬೇಡಿ. ಮೂವ್ ಅನುಮತಿಯ ಜೊತೆಗೆ ಯುಆರ್‌ಎಲ್ ಇದ್ದರೆ, ಕೈ ಜಾರಿ ಪುಟವನ್ನು ಫೈಲ್ ಮ್ಯಾನೇಜರ್ ಮೇಲೆ ಬಿಟ್ಟಾಗ ಅದು ಮೂಲ ಚಿತ್ರವನ್ನೇ ಅಲ್ಲಿಗೆ ಸಾಗಿಸುತ್ತದೆ.

ಈಗ ಡ್ರಾಪ್‌ಮೈಮ್‌ಡೇಟಾ. ಅದಕ್ಕೆ ರೋ ಮತ್ತು ಪೇರೆಂಟ್ ಬರುತ್ತವೆ. ರೋ -1 ಆಗಿದ್ದು ಪೇರೆಂಟ್ ಅಮಾನ್ಯವಾಗಿದ್ದರೆ ಖಾಲಿ ಜಾಗದಲ್ಲಿ ಬಿದ್ದಿದೆ ಎಂದರ್ಥ, ಪಟ್ಟಿಯ ಕೊನೆಗೆ ಸೇರಿಸಿ. ಸರಿಸುವುದಕ್ಕೆ ಬಿಗಿನ್‌ಮೂವ್‌ರೋಸ್ ಬಳಸಿ. ಬಿಗಿನ್‌ರಿಸೆಟ್‌ಮಾಡೆಲ್ ಬಳಸಿದರೆ ಆಯ್ಕೆಯೂ ಸ್ಕ್ರಾಲ್ ಸ್ಥಾನವೂ ಪರ್ಸಿಸ್ಟೆಂಟ್ ಇಂಡೆಕ್ಸ್‌ಗಳೂ ಹೋಗುತ್ತವೆ. ಬಿಗಿನ್‌ಮೂವ್‌ರೋಸ್‌ನ ಗಮ್ಯ ಸಂಖ್ಯೆ ಸರಿಸುವ ಮುಂಚಿನ ಎಣಿಕೆಯದು. ಒಂದು ಸಾಲನ್ನು ಒಂದು ಹೆಜ್ಜೆ ಕೆಳಗೆ ಸರಿಸಬೇಕಾದರೆ ಗಮ್ಯ ಅದರ ಸಂಖ್ಯೆಗೆ 2 ಕೂಡಿಸಿದ್ದು. ಗಮ್ಯ ಅದೇ ಸಾಲು ಅಥವಾ ಅದರ ಮುಂದಿನದಾದರೆ ಫಂಕ್ಷನ್ ಫಾಲ್ಸ್ ಕೊಡುತ್ತದೆ. ಆಗ ಎಂಡ್‌ಮೂವ್‌ರೋಸ್ ಕರೆಯಬಾರದು.

ಚದುರಿದ ಹಲವು ಸಾಲುಗಳನ್ನು ಒಟ್ಟಿಗೆ ಎಳೆದಾಗ ಲೆಕ್ಕ ತಪ್ಪುವವರೇ ಹೆಚ್ಚು. ಕೆಲಸ ಮಾಡುವ ವಿಧಾನ ಇದು: ಗಮ್ಯಕ್ಕಿಂತ ಮೇಲಿರುವ ಸಾಲುಗಳನ್ನು ದೊಡ್ಡ ಸಂಖ್ಯೆಯಿಂದ ಚಿಕ್ಕದಕ್ಕೆ ತೆಗೆದುಕೊಳ್ಳಿ, ಒಂದೊಂದನ್ನು ಸರಿಸಿದ ಮೇಲೆ ಗಮ್ಯದಿಂದ 1 ಕಳೆಯಿರಿ. ಗಮ್ಯದಲ್ಲಿ ಅಥವಾ ಅದರ ಕೆಳಗಿರುವವನ್ನು ಚಿಕ್ಕದರಿಂದ ದೊಡ್ಡದಕ್ಕೆ, ಮೂಲ ಗಮ್ಯದಿಂದ ಶುರುಮಾಡಿ ಪ್ರತಿ ಸಲ 1 ಕೂಡಿಸಿ. 0ರಿಂದ 7ರವರೆಗಿನ ಎಂಟು ಪುಟಗಳಲ್ಲಿ 1, 2, 6 ಆಯ್ದು 4ರ ಮುಂದೆ ಬಿಟ್ಟರು ಎನ್ನಿ. 2ನ್ನು 4ಕ್ಕೆ, 1ನ್ನು 3ಕ್ಕೆ ಸರಿಸಿದರೆ 0, 3, 1, 2, 4, 5, 6, 7. ಆಮೇಲೆ 6ನ್ನು 4ಕ್ಕೆ: 0, 3, 1, 2, 6, 4, 5, 7. ಎಳೆದ ಮೂರರ ಒಳಕ್ರಮ ಕದಲಲಿಲ್ಲ. ಫಾಲ್ಸ್ ಬಂದು ಸರಿಸದೆ ಬಿಟ್ಟ ಸಾಲಿಗೂ ಗಮ್ಯದ ಕೂಡು-ಕಳೆ ಮಾಡಲೇಬೇಕು.

ಇಷ್ಟಾದ ಮೇಲೂ ಪುಟಗಳು ಮಾಯವಾಗುತ್ತಿದ್ದರೆ ಕಾರಣ ರಿಮೂವ್‌ರೋಸ್. ಡ್ರ್ಯಾಗ್ ಮೂವ್ ಎಂದು ಮುಗಿದರೆ "ಹೊಸದನ್ನು ಸೇರಿಸಿದ್ದಾರೆ, ಹಳೆಯದನ್ನು ತೆಗೆಯೋಣ" ಎಂದು ವ್ಯೂ ಮಾಡೆಲ್‌ನ ರಿಮೂವ್‌ರೋಸ್ ಕರೆಯುತ್ತದೆ. ನಾವು ಸೇರಿಸಿಲ್ಲ, ಸರಿಸಿದ್ದೇವೆ. ಡಿಲೀಟ್ ಕೀಗೆಂದು ರಿಮೂವ್‌ರೋಸ್ ಬರೆದಿಟ್ಟಿದ್ದರೆ ಈಗ ತಾನೆ ಸರಿಸಿದ ಪುಟಗಳನ್ನೇ ಅದು ಅಳಿಸುತ್ತದೆ. ಸರಳ ಪರಿಹಾರ: ರಿಮೂವ್‌ರೋಸ್ ಬರೆಯಬೇಡಿ, ಮೂಲದ್ದು ಏನೂ ಮಾಡದೆ ಫಾಲ್ಸ್ ಕೊಡುತ್ತದೆ. ಡಿಲೀಟ್ ಕೀಗೆ ಬೇರೆ ಹೆಸರಿನ ಸ್ವಂತ ಮೆಥಡ್ ಇರಲಿ.

ಪಿಡಿಎಫ್ ಹೊರಗೆ

ಹಿಡಿ ಎಂದರೆ ಒಂದು ಕ್ಯೂಲೇಬಲ್‌ನ ಸಬ್‌ಕ್ಲಾಸ್. ಮೌಸ್ ಒತ್ತಿದಾಗ ಸ್ಥಾನ ನೆನಪಿಡಿ. ಮೌಸ್‌ಮೂವ್‌ನಲ್ಲಿ ಎಡ ಬಟನ್ ಒತ್ತಿದೆಯೇ ಎಂದೂ, ಒತ್ತಿದ ಜಾಗದಿಂದ ಮ್ಯಾನ್‌ಹ್ಯಾಟನ್‌ಲೆಂತ್ (ಅಡ್ಡ ಮತ್ತು ಉದ್ದ ದೂರಗಳ ಮೊತ್ತ) ಸ್ಟಾರ್ಟ್‌ಡ್ರ್ಯಾಗ್‌ಡಿಸ್ಟೆನ್ಸ್ ದಾಟಿದೆಯೇ ಎಂದೂ ನೋಡಿ. ಈ ಮಿತಿ ಕ್ಯೂಟಿಯಲ್ಲಿ ಸಾಮಾನ್ಯವಾಗಿ 10 ಪಿಕ್ಸೆಲ್. ದಾಟಿದರೆ ಕ್ಯೂಡ್ರ್ಯಾಗ್ ಮಾಡಿ, ಕ್ಯೂಮೈಮ್‌ಡೇಟಾಗೆ ಸೆಟ್‌ಯುಆರ್‌ಎಲ್ಸ್ ಕೊಟ್ಟು, ಎಕ್ಸೆಕ್‌ಗೆ ಕಾಪಿಆಕ್ಷನ್ ಮಾತ್ರ ಕೊಡಿ. ಎಕ್ಸೆಕ್ ಮರಳಿದ ಮೇಲೆ ಆ ವಿಜೆಟ್‌ಗೆ ಮೌಸ್‌ರಿಲೀಸ್ ಬರುತ್ತದೆಂದು ಕಾಯಬೇಡಿ. ಒತ್ತಿದ ಸ್ಥಿತಿಯ ಗುರುತುಗಳನ್ನು ಎಕ್ಸೆಕ್‌ನ ಮುಂದಿನ ಸಾಲಿನಲ್ಲೇ ತೆಗೆಯಿರಿ.

ಫೈಲ್ ಯಾವಾಗ ಬರೆಯಬೇಕು ಎಂಬುದು ಇಲ್ಲಿ ನಿಜವಾದ ಪ್ರಶ್ನೆ. ಕ್ಯೂಮೈಮ್‌ಡೇಟಾದ ರಿಟ್ರೀವ್‌ಡೇಟಾ ಬರೆದು, ಕೇಳಿದಾಗ ಮಾತ್ರ ಪಿಡಿಎಫ್ ಮಾಡುವ ಉಪಾಯ ನೋಡಲು ಚಂದ. ಆದರೆ ಬಿಡುವ ಮುಂಚೆಯೇ, ಮೇಲೆ ಹಾದು ಹೋಗುವಾಗಲೇ ಒಳಗಿಣುಕುವ ಪ್ರೋಗ್ರಾಂಗಳಿವೆ. ಆಗ ಎಳೆತದ ಮಧ್ಯೆಯೇ ಭಾರದ ಕೆಲಸ ಶುರುವಾಗುತ್ತದೆ. ಮೌಸ್‌ಮೂವ್‌ನಲ್ಲೇ ಬರೆದರೆ ಎಳೆತ ಶುರುವಾಗುವುದೇ ತಡ. ಪಟ್ಟಿ ಬದಲಾದ ಮೇಲೆ 800 ಮಿಲಿಸೆಕೆಂಡ್ ಸುಮ್ಮನಿದ್ದರೆ ಹಿನ್ನೆಲೆಯಲ್ಲಿ ಕ್ಯೂಪಿಡಿಎಫ್‌ರೈಟರ್‌ನಿಂದ ಬರೆದಿಡುವುದು, ಅದು ಮುಗಿಯುವವರೆಗೆ ಹಿಡಿಯನ್ನು ಮಂಕಾಗಿಸುವುದು ಉತ್ತಮ. ಫೈಲ್ ಕ್ಯೂಟೆಂಪರರಿಡೈರೆಕ್ಟರಿಯಲ್ಲಿರಲಿ, ಪ್ರೋಗ್ರಾಂ ಮುಚ್ಚುವವರೆಗೂ ಅಳಿಸಬೇಡಿ. ಎಕ್ಸೆಕ್ ಮರಳಿತೆಂದರೆ ಎದುರಿನವರು ನಕಲು ಮುಗಿಸಿದ್ದಾರೆ ಎಂದಲ್ಲ. ಮೇಲ್ ಪ್ರೋಗ್ರಾಂ ಪಾತ್ ಮಾತ್ರ ಇಟ್ಟುಕೊಂಡು ಕಳುಹಿಸುವಾಗ ಓದಬಹುದು.

ಲಿನಕ್ಸ್‌ನ ಹೊಸ ಕಿಟಕಿ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಡ್ರ್ಯಾಗ್ ಶುರುಮಾಡಲು ಬಟನ್ ಒತ್ತಿದ ಘಟನೆಯ ಸೀರಿಯಲ್ ಸಂಖ್ಯೆ ಬೇಕು. ಟೈಮರ್‌ನಿಂದಲೋ ಬಟನ್ ಬಿಟ್ಟ ಮೇಲೋ ಎಕ್ಸೆಕ್ ಕರೆದರೆ ಏನೂ ನಡೆಯುವುದಿಲ್ಲ. ಮೇಲಿನ ಮೌಸ್‌ಮೂವ್ ದಾರಿಯಲ್ಲಿ ಆ ತೊಂದರೆ ಇಲ್ಲ.

ಕೋಡ್ ಸರಿ, ಆದರೂ ಬೀಳುತ್ತಿಲ್ಲ

ವಿಂಡೋಸ್‌ನಲ್ಲಿ ಪ್ರೋಗ್ರಾಂ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದ್ದೀರಾ ನೋಡಿ. ವಿಸ್ಟಾದಿಂದ ಈಚೆಗೆ ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚಿನ ಅಧಿಕಾರದ ಕಿಟಕಿಗೆ ಸಂದೇಶ ಕಳಿಸುವುದಕ್ಕೆ ತಡೆ ಇದೆ. ಎಕ್ಸ್‌ಪ್ಲೋರರ್ ಸಾಮಾನ್ಯ ಅಧಿಕಾರದಲ್ಲಿ, ನೀವು ಅಡ್ಮಿನ್‌ನಲ್ಲಿ. ಡ್ರ್ಯಾಗ್ ದಾಟುವುದಿಲ್ಲ, ದೋಷದ ಸಂದೇಶವೂ ಇಲ್ಲ. ಅಡ್ಮಿನ್ ಆಗಿ ತೆರೆದ ಎಡಿಟರ್‌ನಿಂದ ಪ್ರೋಗ್ರಾಂ ಓಡಿಸಿದರೂ ಇದೇ ಗತಿ, ಎಡಿಟರ್‌ನ ಅಧಿಕಾರ ಅದು ಓಡಿಸಿದ ಪ್ರೋಗ್ರಾಂಗೂ ಬರುತ್ತದೆ. ಹಳೆಯ ಡಬ್ಲ್ಯೂಎಂ_ಡ್ರಾಪ್‌ಫೈಲ್ಸ್ ಸಂದೇಶಕ್ಕೆ ಚೇಂಜ್‌ವಿಂಡೋಮೆಸೇಜ್‌ಫಿಲ್ಟರ್‌ಇಎಕ್ಸ್ ಮೂಲಕ ದಾರಿ ಬಿಡಿಸಬಹುದು, ಕ್ಯೂಟಿ ಬಳಸುವ ಓಎಲ್‌ಇ ದಾರಿಗೆ ಅದು ನಾಟುವುದಿಲ್ಲ. ಅಧಿಕಾರ ಬೇಕಾದ ಕೆಲಸವನ್ನು ಬೇರೆ ಪ್ರಕ್ರಿಯೆಗೆ ಒಪ್ಪಿಸಿ, ಕಿಟಕಿಯನ್ನು ಸಾಮಾನ್ಯ ಅಧಿಕಾರದಲ್ಲೇ ಇಡಿ.

ಮೇಲ್ ಅಟ್ಯಾಚ್‌ಮೆಂಟ್ ಡಿಸ್ಕ್‌ನಲ್ಲಿ ಇನ್ನೂ ಫೈಲ್ ಆಗಿರುವುದಿಲ್ಲ. ವಿಂಡೋಸ್‌ನಲ್ಲಿ ಅದು ಫೈಲ್‌ಗ್ರೂಪ್‌ಡಿಸ್ಕ್ರಿಪ್ಟರ್ ಮತ್ತು ಫೈಲ್‌ಕಂಟೆಂಟ್ಸ್ ಎಂಬ ಜೋಡಿ ರೂಪದಲ್ಲಿ ಬರುತ್ತದೆ, ಮ್ಯಾಕ್‌ನಲ್ಲಿ ಫೈಲ್ ಪ್ರಾಮಿಸ್ (ಆಮೇಲೆ ಬರೆದುಕೊಡುವ ಭರವಸೆ) ಆಗಿ. ಎರಡಕ್ಕೂ ಬೇರೆ ಕೋಡ್ ಬೇಕು. ಅದನ್ನು ಬರೆಯದಿದ್ದರೆ ಎಂಟರ್‌ನಲ್ಲೇ ಒಲ್ಲೆ ಎನ್ನಿ, ನಿಷೇಧದ ಕರ್ಸರ್ ಕಾಣಲಿ. ಒಪ್ಪಿಕೊಂಡು ಏನೂ ಮಾಡದಿರುವುದು ಬಳಕೆದಾರರಿಗೆ ಹೇಳುವ ಸುಳ್ಳು.

ಲಿನಕ್ಸ್‌ನಲ್ಲಿ ಫ್ಲ್ಯಾಟ್‌ಪ್ಯಾಕ್ ಎಂಬ ಪ್ಯಾಕೇಜ್ ಆಗಿ ಕಟ್ಟಿದರೆ ಪಾತ್ ಬಂದರೂ ಫೈಲ್ ತೆರೆಯದಿರಬಹುದು, ಏಕೆಂದರೆ ಅನುಮತಿ ಕೊಡದಿದ್ದರೆ ಸ್ಯಾಂಡ್‌ಬಾಕ್ಸ್‌ಗೆ (ಪ್ರೋಗ್ರಾಂ ಅನ್ನು ಬೇರ್ಪಡಿಸಿ ಓಡಿಸುವ ಆವರಣ) ಆ ಫೋಲ್ಡರ್ ಕಾಣಿಸದು. ಮ್ಯಾಕ್‌ನ ಸ್ಯಾಂಡ್‌ಬಾಕ್ಸ್ ಬಿಟ್ಟ ಫೈಲ್‌ಗೆ ಆ ಓಟದ ಮಟ್ಟಿಗೆ ಅನುಮತಿ ಕೊಡುತ್ತದೆ. ಪಟ್ಟಿಯನ್ನು ಉಳಿಸಿ ಮರುದಿನ ತೆರೆಯಬೇಕಾದರೆ ಆ ಅನುಮತಿಯನ್ನು ಉಳಿಸಿಡುವ ಸೆಕ್ಯೂರಿಟಿ ಸ್ಕೋಪ್ಡ್ ಬುಕ್‌ಮಾರ್ಕ್ ಬೇಕು.

ದೋಷ ಹುಡುಕುವಾಗ ಡ್ರ್ಯಾಗ್ ಘಟನೆಗಳೊಳಗೆ ಬ್ರೇಕ್‌ಪಾಯಿಂಟ್ ಇಡಬೇಡಿ. ಲಿನಕ್ಸ್‌ನ ಹಳೆಯ ಕಿಟಕಿ ವ್ಯವಸ್ಥೆಯಾದ ಎಕ್ಸ್11ರಲ್ಲಿ ಎಳೆಯುವ ಪ್ರೋಗ್ರಾಂ ಪಾಯಿಂಟರ್ ಹಿಡಿದುಕೊಂಡಿರುತ್ತದೆ. ಅದು ನಿಂತರೆ ಡೀಬಗರ್‌ನ ಬಟನ್ ಕ್ಲಿಕ್ ಮಾಡಲೂ ಮೌಸ್ ಸಿಗುವುದಿಲ್ಲ, ಇನ್ನೊಂದು ಟರ್ಮಿನಲ್‌ನಿಂದ ಪ್ರಕ್ರಿಯೆ ಕೊಲ್ಲಬೇಕಾಗುತ್ತದೆ. ಲಾಗ್ ಸಾಲುಗಳೇ ಸಾಕು.

ಸ್ವಯಂ ಪರೀಕ್ಷೆಗೆ ನಿಜವಾದ ಎಳೆತ ಬೇಡ. ಡ್ರಾಪ್‌ಮೈಮ್‌ಡೇಟಾಗೆ ಕೈಯಾರೆ ಮಾಡಿದ ಕ್ಯೂಮೈಮ್‌ಡೇಟಾ ಕೊಟ್ಟು ಪಟ್ಟಿ ನೋಡಿದರೆ ತೂಕದ ಭಾಗವೆಲ್ಲ ಪರೀಕ್ಷೆಯಾದಂತೆ. ವ್ಯೂಗೆ ಕ್ಯೂಡ್ರಾಪ್‌ಇವೆಂಟ್ ಕಟ್ಟಿ ಕೊಡುವಾಗ ಸ್ಥಾನ ಕ್ಯೂಪಾಯಿಂಟ್‌ಎಫ್ ಆಗಿರಲಿ. ಕ್ಯೂಟಿ 6ರಲ್ಲಿ ಪಾಸ್ ಬದಲಿಗೆ ಪೊಸಿಷನ್ ಬಳಕೆಯಲ್ಲಿದೆ, 5ಕ್ಕೆ ಬರೆದ ಕೋಡ್ ತರುವಾಗ ಈ ಸಾಲು ತಿದ್ದಿಕೊಳ್ಳಿ. ಪರೀಕ್ಷೆಗೆ ಇಡಬೇಕಾದ ಹೆಸರುಗಳು: ಜಾಗ ಇರುವುದು, # ಇರುವುದು, % ಇರುವುದು, ಕನ್ನಡದ್ದು, ಖಾಲಿ ಫೋಲ್ಡರ್, ಒಂದು ಎಚ್‌ಟಿಟಿಪಿ ಯುಆರ್‌ಎಲ್. ಮೂವ್ ಸೂಚನೆಯೊಂದಿಗೆ ಕಳಿಸಿದ ಡ್ರಾಪ್ ಮುಗಿದ ಮೇಲೆ ಡ್ರಾಪ್‌ಆಕ್ಷನ್ ಕಾಪಿಯೇ ಆಗಿದೆಯೇ ಎಂಬ ಪರೀಕ್ಷೆ ಕಡ್ಡಾಯ.

ಕೊನೆಯದಾಗಿ ಕೀಬೋರ್ಡ್. ಒತ್ತಿ ಹಿಡಿದು ಎಳೆಯುವುದು ಎಲ್ಲರ ಕೈಗೂ ಆಗುವ ಕೆಲಸವಲ್ಲ. ನಡುಗುವ ಕೈ, ಒಂದೇ ಕೈ, ಸ್ಕ್ರೀನ್ ರೀಡರ್ ಬಳಸುವವರು ಇದ್ದಾರೆ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2ರ (ಅಂಗವಿಕಲರಿಗೂ ವೆಬ್ ಬಳಸಲು ಆಗಲೆಂದು ಮಾಡಿದ ಮಾರ್ಗಸೂಚಿ) 2.5.7ನೇ ನಿಯಮ ವೆಬ್ ಪುಟಗಳಿಗೆ ಎಳೆಯದೆ ಮಾಡುವ ದಾರಿ ಕೇಳುತ್ತದೆ. ಡೆಸ್ಕ್‌ಟಾಪ್‌ನಲ್ಲೂ ಎಳೆಯದ ದಾರಿಗಳಿರಲಿ: "ಚಿತ್ರ ಸೇರಿಸಿ" ಬಟನ್, ಆಯ್ದ ಪುಟ ಸರಿಸಲು ಆಲ್ಟ್ ಜೊತೆ ಮೇಲೆ-ಕೆಳಗೆ ಬಾಣ, "ಪಿಡಿಎಫ್ ಉಳಿಸಿ" ಬಟನ್. ಮೂರೂ ಮೇಲಿನ ಮೆಥಡ್‌ಗಳನ್ನೇ ಕರೆಯುತ್ತವೆ. ಬಾಣದ ಕೀಗೆ ಸರಿಸುವ ಲೆಕ್ಕ ಬೇರೆ ಬರೆಯದೆ, ಕೆಳಗಿನ ಬಾಣಕ್ಕೆ ಆಯ್ದ ಕೊನೆಯ ಸಾಲಿಗೆ 2 ಕೂಡಿಸಿದ ಗಮ್ಯ, ಮೇಲಿನ ಬಾಣಕ್ಕೆ ಮೊದಲ ಸಾಲಿನಿಂದ 1 ಕಳೆದ ಗಮ್ಯ ಕೊಡಿ. ಪಟ್ಟಿಯ ತುದಿ ಮುಟ್ಟಿದ್ದರೆ ಕರೆಯಬೇಡಿ.